ನಾಲ್ಕು ಹುಣಸೆಬೀಜ ಮತ್ತು ಒಂದು ಸುಳ್ಳು

ಮಧ್ಯಾಹ್ನದ ಊಟವಾದ ಮೇಲೆ ಸೊರಬದ ನಮ್ಮ ಮನೆಯ ಜಗಲಿಯಲ್ಲಿ ನನ್ನ ಹೆಂಡತಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಪಕ್ಕದ ಮನೆಯಾಕೆಯನ್ನು ಆಟಕ್ಕೆ ಕರೆಯುತ್ತಾಳೆ. ಆಕೆ ಬಾರದ ದಿನ, ಬೇರೆ ಗತಿಯಿಲ್ಲದೆ, ನನ್ನನ್ನು ಕರೆಯುತ್ತಾಳೆ. ಶಿಕಾರಿಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಬೋಧಿಸಿ, ಸಂಭವನೀಯತೆಯ ಸೂತ್ರಗಳನ್ನು ಕಣ್ಣುಮುಚ್ಚಿ ಒಪ್ಪಿಸಬಲ್ಲನೆಂಬ ಖ್ಯಾತಿಯೊಂದಿಗೆ ನಿವೃತ್ತನಾದ ನಾನು ಈ ಆಟದಲ್ಲಿ ಇದುವರೆಗೆ ಒಮ್ಮೆಯೂ ಗೆದ್ದವನಲ್ಲ. ಸೂತ್ರ ಬಲ್ಲವನಿಗೂ ಒಂದೇ ಬೀಳುತ್ತದೆ, ಸೂತ್ರದ ಗಂಧಗಾಳಿಯಿಲ್ಲದ ನನ್ನಾಕೆಗೆ ಎಂಟು ಬೀಳುತ್ತದೆ. ಅವಳು ಕಾಯಿ ನಡೆಸುತ್ತಾ ಒಮ್ಮೆ ನನ್ನತ್ತ ನೋಡುತ್ತಾಳಲ್ಲ, ಆ ನೋಟವನ್ನು ಓದುಗರ ಊಹೆಗೆ ಬಿಡುತ್ತೇನೆ.

ಆಟ ಅರಿಯದವರಿಗೆ ಒಂದು ಮಾತು. ನಾಲ್ಕು ಹುಣಸೆಬೀಜಗಳ ಒಂದೊಂದು ಮೈಯನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿರುತ್ತಾರೆ. ಎಸೆದಾಗ ಎಷ್ಟು ಬಿಳಿ ಮೇಲೆ ಬಂತೋ ಅಷ್ಟು ಮನೆ ನಡೆ. ನಾಲ್ಕೂ ಕಪ್ಪಾಗಿ ಬಿದ್ದರೆ ಸೊನ್ನೆಯಾಗಬೇಕಿತ್ತು, ಆದರೆ ನಮ್ಮ ಹಿರಿಯರು ಉದಾರಿಗಳು, ಅದಕ್ಕೆ ಎಂಟು ಕೊಟ್ಟಿದ್ದಾರೆ. ‘ಯಾದೃಚ್ಛಿಕ ಚಲಕ’ ಎಂಬ ಹೆಸರು ಕೇಳಿಯೇ ನನ್ನ ವಿದ್ಯಾರ್ಥಿಗಳ ಮುಖ ಬಾಡುತ್ತಿತ್ತು. ಅದು ಇದಕ್ಕಿಂತ ಹೆಚ್ಚಿನದೇನಲ್ಲ. ಏನು ಬೀಳುತ್ತದೋ ಬೀಳಲಿ, ಬಿದ್ದದ್ದಕ್ಕೊಂದು ಸಂಖ್ಯೆ ಹಚ್ಚುವ ಕಟ್ಟಳೆ, ಅಷ್ಟೇ. ಒಂದು, ಎರಡು, ಮೂರು, ನಾಲ್ಕು, ಎಂಟು. ಇವುಗಳ ನಡುವೆ ಏನೂ ಇಲ್ಲವಾದ್ದರಿಂದ ಅದು ವಿಚ್ಛಿನ್ನ. ಯಾವುದು ಎಷ್ಟು ಸಲ ಬಿದ್ದೀತೆಂಬ ಪಟ್ಟಿಯೇ ಅದರ ವಿತರಣೆ. ಬಿಳಿ ಕಪ್ಪು ಎರಡೂ ಸಮಪಾಲೆಂದು ಹಿಡಿದು ಲೆಕ್ಕ ಹಾಕಿದರೆ ಒಂದು ಎಸೆತದ ನಿರೀಕ್ಷಿತ ಬೆಲೆ ಎರಡೂವರೆ ಬರುತ್ತದೆ. ಎರಡೂವರೆ ಮನೆ ಕಾಯಿ ನಡೆಸಿದವರನ್ನು ನಾನಂತೂ ಕಂಡಿಲ್ಲ.

ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆಂದು ನನ್ನನ್ನು ಒಳ್ಳೆಯ ಮೇಷ್ಟರೆಂದು ಭಾವಿಸಬೇಡಿ. ತರಗತಿಯಲ್ಲಿ ನಾನು ಹುಣಸೆಬೀಜದ ಹೆಸರೆತ್ತಿದವನೇ ಅಲ್ಲ. ಪುಸ್ತಕದಲ್ಲಿ ನಾಣ್ಯವಿತ್ತು, ನಾನೂ ನಾಣ್ಯವನ್ನೇ ಚಿಮ್ಮಿದೆ. ಬೀಜ ತಂದವಳು ಗಿರಿಜಾ, ಅಂಜನಾಪುರದ ಕಡೆಯ ರೈತರ ಮಗಳು, ಎರಡನೇ ಬೆಂಚಿನವಳು. ನಾಲ್ಕು ನಾಣ್ಯಗಳ ಪಟ್ಟಿಯನ್ನು ನಾನು ಹಲಗೆಯ ಮೇಲೆ ಬರೆದು ಮುಗಿಸಿದ ಮರುದಿನ ಅವಳು ಮನೆಯ ಬೀಜಗಳನ್ನೂ ಒಂದು ನೋಟುಪುಸ್ತಕವನ್ನೂ ಹಿಡಿದು ಎದ್ದು ನಿಂತಳು.

“ಸರ್, ನೀವು ಬರೆದಂಗೆ ಆದ್ರೆ ನಾಲ್ಕೂ ಎಂಟೂ ಸಮ ಬೀಳ್ಬೇಕು. ನಾನು ಎಸೆದು ಬರ್ಕೊಂಡೀನಿ, ಎಂಟೇ ಜಾಸ್ತಿ ಬೀಳ್ತದೆ. ಅರ್ಧ ಅರ್ಧ ಅಂತ ಯಾರು ಹೇಳಿದ್ದು ಸರ್?”

“ಪರೀಕ್ಷೆಯಲ್ಲಿ ಚೌಕಾಬಾರ ಕೇಳೋದಿಲ್ಲಮ್ಮ, ಕೂತ್ಕೋ” ಎಂದೆ. ತರಗತಿ ನಕ್ಕಿತು. ನಗಿಸಿದ ಹೆಮ್ಮೆಯಲ್ಲಿ ನಾನು ಆ ನೋಟುಪುಸ್ತಕವನ್ನು ಇಸಿದುಕೊಂಡು ಚೀಲಕ್ಕೆ ಹಾಕಿದೆ.

ಸಂಜೆ ಸೊರಬದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಹೊತ್ತು ಹೋಗಲೆಂದು ಪುಸ್ತಕ ತೆರೆದೆ. ಪುಟದ ಮೇಲೆ ಪುಟ, ನಾಲ್ಕು ಗೀಟು ಒಂದು ಅಡ್ಡಗೀಟು, ಒಂದೂ ತಪ್ಪಿಲ್ಲದ ಎಣಿಕೆ. ತೇಯ್ದ ಮೈ ಚಪ್ಪಟೆಯಾಗಿ ನೆಲ ಹಿಡಿದು ಕೂರುವುದರಿಂದ ಕಪ್ಪೇ ಹೆಚ್ಚು ಮೇಲೆ ಬರುತ್ತದೆಂದು ಕೊನೆಯಲ್ಲಿ ಕಾರಣವನ್ನೂ ಬರೆದಿದ್ದಳು. ಅರ್ಧವೆಂಬುದು ನಾವು ಹಿಡಿದುಕೊಂಡದ್ದೇ ಹೊರತು ಬೀಜ ಒಪ್ಪಿಕೊಂಡದ್ದಲ್ಲ. ಮುಂದಿನ ಅಧ್ಯಾಯದಲ್ಲಿ ನಾನು ಕಲಿಸಬೇಕಿದ್ದ ತಿರುಳನ್ನು ಆ ಹುಡುಗಿ ಜಗಲಿಯಲ್ಲಿ ಕೂತು ತಾನೇ ಕಂಡುಕೊಂಡಿದ್ದಳು. ನಾಳೆ ತರಗತಿಯಲ್ಲಿ ಹೇಳಿಬಿಡಬೇಕು ಎಂದುಕೊಂಡೆ. ನಾಳೆ ಪಾಠ ಉಳಿದಿತ್ತು, ನಾಡಿದ್ದು ಕಿರುಪರೀಕ್ಷೆಯಿತ್ತು. ಪುಸ್ತಕವನ್ನು ಮಾತಿಲ್ಲದೆ ಅವಳ ಬೆಂಚಿನ ಮೇಲಿಟ್ಟೆ. ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವಳಪ್ಪ ಒಂದು ಚೀಲ ಮೆಕ್ಕೆಜೋಳದ ಎಳೆ ತೆನೆ ಹೊತ್ತು ಕಾಲೇಜಿಗೆ ಬಂದರು. ನಮ್ಮ ಕಡೆ ಮಕ್ಕಳ ಮುಂದಿನ ಓದನ್ನು ಮನೆಯವರು ತೀರ್ಮಾನಿಸುವುದಿಲ್ಲ, ಮೇಷ್ಟರ ಬಾಯಿಂದ ಕೇಳಿಕೊಂಡು ಹೋಗುತ್ತಾರೆ.

“ಶಿವಮೊಗ್ಗಕ್ಕೆ ಹೋಗಿ ಇದನ್ನೇ ಓದ್ತೀನಿ ಅಂತಾಳ್ರೀ. ನೀವು ಹೂಂ ಅಂದ್ರೆ ಕಳಿಸ್ತೀನಿ. ಬ್ಯಾಡ ಅಂದ್ರೆ ಬ್ಯಾಡ.”

“ಅಕ್ಷರ ಚೆನ್ನಾಗಿದೆ. ಆದರೆ ಈ ಲೆಕ್ಕ ಅವಳಿಗೆ ಒಗ್ಗೋದಿಲ್ಲ” ಎಂದೆ.

ಯಾಕೆ ಹಾಗೆಂದೆ? ವರ್ಷಗಳ ಕಾಲ ಬಗೆಬಗೆಯ ಸಬೂಬು ಹೇಳಿಕೊಂಡಿದ್ದೇನೆ. ಈ ವಯಸ್ಸಿನಲ್ಲಿ ಸಬೂಬಿಗೂ ಆಯಾಸವಾಗುತ್ತದೆ. ಅವಳನ್ನು ಜಾಣೆ ಎಂದು ಒಪ್ಪಬೇಕಾದರೆ ಆ ದಿನ ನಾನು ದಡ್ಡನಾಗಿದ್ದೆ ಎಂದು ಒಪ್ಪಬೇಕಿತ್ತು, ಅದು ನನ್ನಿಂದ ಆಗಲಿಲ್ಲ. ಅವರು ಕೈಮುಗಿದು ಹೋದರು. ತೆನೆಗಳನ್ನು ಸುಟ್ಟು ತಿಂದೆವು, ಸಿಹಿಯಾಗಿದ್ದವು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ಸೋಮವಾರ ಹೆಂಡತಿಯ ಅಪ್ಪಣೆಯಂತೆ ಸೌತೆಬೀಜ ತರಲು ಇಲ್ಲಿನ ಪೇಟೆಯ ಬೀಜ ಗೊಬ್ಬರದ ಅಂಗಡಿಗೆ ಹೋಗಿದ್ದೆ. ಗಲ್ಲಾದ ಹಿಂದೆ ಗಿರಿಜಾ ಇದ್ದಳು. ಮದುವೆಯಾಗಿ ಸೊರಬಕ್ಕೆ ಬಂದು ಎಷ್ಟೋ ವರ್ಷವಾಯಿತಂತೆ, ಅಂಗಡಿ ಗಂಡನ ಮನೆಯದು. ಒದ್ದೆ ಗೋಣಿತಾಟಿನ ಮೇಲೆ ಭತ್ತದ ಬೀಜ ಹತ್ತತ್ತರ ಸಾಲಾಗಿ ಹರಡಿ, ಮೊಳಕೆ ಒಡೆದದ್ದನ್ನು ಎಣಿಸಿ ಬರೆದುಕೊಳ್ಳುತ್ತಿದ್ದಳು. “ಚೀಲದ ಚೀಟಿ ಮೇಲೆ ಬರೆದಿದ್ದನ್ನ ನಂಬಿ ಮಾರೋದಿಲ್ಲ ಸರ್. ನಾನೇ ಒಂದ್ಸಲ ನೋಡ್ತೀನಿ” ಎಂದಳು. ಆಮೇಲೆ, ನನ್ನನ್ನು ಮುಜುಗರದಿಂದ ಪಾರುಮಾಡಲೆಂಬಂತೆ ನಕ್ಕು, “ಇದೆಲ್ಲ ಅಂಗಡಿ ಲೆಕ್ಕ ಅಷ್ಟೇ. ನಿಮ್ಮ ಲೆಕ್ಕ ನನಗೆ ಒಗ್ಗಲಿಲ್ಲ ನೋಡ್ರಿ” ಎಂದು ಸೇರಿಸಿದಳು.

ಅಪ್ಪನ ಬಾಯಿಂದ ಕೇಳಿದ ನನ್ನ ಮಾತನ್ನು ಅಷ್ಟು ಕಾಲ ಇಟ್ಟುಕೊಂಡಿದ್ದಳು. ನಾನು ಹೇಳಿಬಿಟ್ಟೆ. ನೋಟುಪುಸ್ತಕವನ್ನು ಬಸ್ಸಿನಲ್ಲಿ ಓದಿದ್ದನ್ನೂ, ಅವಳೇ ಸರಿಯೆಂದು ಅಂದೇ ತಿಳಿದದ್ದನ್ನೂ, ತಿಳಿದೂ ಅವಳಪ್ಪನಿಗೆ ಸುಳ್ಳು ಹೇಳಿದ್ದನ್ನೂ ತಡವರಿಸುತ್ತಾ ಹೇಳಿದೆ. ಅವಳ ಪೆನ್ನು ನಿಂತಿತು.

“ಇದನ್ನ ನಮ್ಮಪ್ಪಗೆ ಹೇಳಬೇಕಿತ್ತು ಸರ್” ಎಂದಳು. “ಹೋದ ವರ್ಷ ತೀರ್ಕೊಂಡ್ರು. ಮಗಳಿಗೆ ಲೆಕ್ಕ ಬರಲ್ಲ ಅಂತ ಅಂಗಡಿಗೆ ಬಂದಾಗೆಲ್ಲ ನಾನು ಕೊಟ್ಟ ಚಿಲ್ಲರೆ ಎರಡು ಸಲ ಎಣಿಸ್ತಿದ್ರು.”

ಸೌತೆಬೀಜದ ಪೊಟ್ಟಣವನ್ನು ನನ್ನ ಕೈಗಿಟ್ಟು, ಒಳಗಿನಿಂದ ಒಂದು ಕುರ್ಚಿ ತಂದು ಹಾಕಿ, ಕೂತ್ಕೊಳ್ಳಿ ಸರ್ ಎಂದಳು. ನಾನು ನಿಂತೇ ಇದ್ದೆ.