ಒಂದೇ ಹೆಸರಿನ ಹಾಜರಿ ಪುಸ್ತಕ

ನಿವೃತ್ತನಾದ ಮೇಲೂ ನಾನು ಒಂದು ಹಾಜರಿ ಪುಸ್ತಕ ಇಟ್ಟಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಹೇಳುವುದರಲ್ಲಿ ನನ್ನ ಮಾನ ಇನ್ನೂ ಹೋಗುವುದಿದೆ. ಕೆಂಪು ಬಟ್ಟೆಯ ಬೆನ್ನಿನ, ಉದ್ದನೆಯ ರಿಜಿಸ್ಟರು ಅದು. ಪುಟಕ್ಕೆ ನಲವತ್ತು ಸಾಲು. ನಾನು ಬಳಸುತ್ತಿದ್ದದ್ದು ಮೊದಲನೆಯ ಸಾಲು ಮಾತ್ರ. ಅಲ್ಲಿದ್ದ ಹೆಸರು ಗಿರಿಜಾ, ನನ್ನ ತಂಗಿ.

ಹರಿಹರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತವನು ನಾನು. ಟೈಮ್ ಆಫೀಸು ಎಂದರೆ ದೊಡ್ಡದೇನಲ್ಲ, ಗೇಟಿನ ಪಕ್ಕದ ಒಂದು ಕಿಟಕಿ. ಬೆಳಗಿನ ಸೈರನ್ ಆದ ಮೇಲೆ ಐದು ನಿಮಿಷ ರಿಯಾಯಿತಿ. ಅದೂ ದಾಟಿ ಬಂದವನಿಗೆ ಅರ್ಧ ದಿನದ ಹಾಜರಿ ಮಾತ್ರ. ಅವನು ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಕೂತಿದ್ದು, ಊಟದ ಸೈರನ್ ಆದ ಮೇಲೆ ಒಳಗೆ ಬರಬೇಕು. ಮೂರು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡವನ ಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು: ನಿಮ್ಮ ಹೆಸರನ್ನು ಹಾಜರಿ ಪುಸ್ತಕದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಕಾರಣ ತಿಳಿಸಿ. ಅವನು ಬಂದು ಕಾರಣ ಹೇಳುತ್ತಾನೆ. ನಾನು ಅದರ ಎದುರು 'ತೃಪ್ತಿಕರ' ಅಥವಾ 'ತೃಪ್ತಿಕರವಲ್ಲ' ಎಂದು ಬರೆಯುತ್ತೇನೆ. ಒಮ್ಮೆ ಅಚ್ಚು ಹುಯ್ಯುವ ವಿಭಾಗದ ಹನುಮಂತಪ್ಪ ತಲೆ ಬೋಳಿಸಿಕೊಂಡು ಬಂದು ಕಿಟಕಿಯ ಮುಂದೆ ನಿಂತ. ಅವನ ಹೆಂಡತಿ ತೀರಿಕೊಂಡಿದ್ದಳು. ನಾನು ಕನ್ನಡಕ ಸರಿ ಮಾಡಿಕೊಂಡು, ಅವನ ಹೆಸರಿನ ಎದುರು 'ಕಾರಣ ತೃಪ್ತಿಕರ' ಎಂದು ಬರೆದು, ಮುಂದಿನವನನ್ನು ಕರೆದೆ. ಆಗ ಅದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ.

ಹರಿಹರದ ದೇವರು ಅರ್ಧ ಹರಿ, ಅರ್ಧ ಹರ. ಇಬ್ಬರು ಒಂದೇ ಮೈಯೊಳಗೆ ತಕರಾರಿಲ್ಲದೆ ನಿಂತಿದ್ದಾರೆ ಎಂದು ದೂರದಿಂದ ಜನ ನೋಡಲು ಬರುತ್ತಾರೆ. ದಿನಾ ಆ ಊರಿಗೆ ಹೋಗುತ್ತಿದ್ದ ನಾನು ಗುಡಿಯೊಳಗೆ ಹೋದದ್ದು ನಾಲ್ಕೋ ಐದೋ ಸಲ. ಗುಡಿ ತೆರೆದಿರುವ ಹೊತ್ತಿಗೆ ನನ್ನ ಪಾಳಿ ಇರುತ್ತಿತ್ತು. ದೇವರು ತನ್ನ ವೇಳೆ ಬದಲಿಸಲಿಲ್ಲ, ನಾನೂ ಬದಲಿಸಲಿಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆ. ನನ್ನ ಹೆಂಡತಿ ಬೇಗ ಹೋದಳು, ಮಕ್ಕಳಾಗಿರಲಿಲ್ಲ. ಗಿರಿಜಾಳಿಗೆ ಮದುವೆ ಕೂಡಿಬರಲಿಲ್ಲ. ಹೀಗೆ ಉಳಿದ ಅಣ್ಣ ತಂಗಿ ಒಂದು ಸೂರಿನ ಕೆಳಗೆ ಇದ್ದೆವು. ಮುಂದಿನ ಕೋಣೆಯಲ್ಲಿ ಅವಳ ಟೈಪಿಂಗ್ ಶಾಲೆ, ಹತ್ತು ಮೆಷಿನ್ನು. ನನ್ನ ಬಸ್ಸು ಆರೂ ನಲವತ್ತಕ್ಕೆ. ಅದಕ್ಕಾಗಿ ಅವಳು ಐದಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ನಾನು ಒಂದು ದಿನವೂ ತಡವಾಗಿ ಹೋದವನಲ್ಲ ಎಂದು ಬೀಳ್ಕೊಡುಗೆಯ ದಿನ ಸಾಹೇಬರು ಹೊಗಳಿ ಶಾಲು ಹೊದಿಸಿದರು. ಶಾಲನ್ನು ಮನೆಗೆ ತಂದು ನಾನೇ ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಅದು ಯಾರ ಹೆಗಲಿಗೆ ಸೇರಬೇಕಾದದ್ದು ಎಂದು ಹೊಳೆಯಲೇ ಇಲ್ಲ.

ಹರಿಹರದ ಗುಡಿಯ ಶಾಸನಗಳನ್ನು ಓದಲು ಬಂದಿದ್ದ ವಿದೇಶಿ ಪ್ರೊಫೆಸರೊಬ್ಬರು ತಮ್ಮ ಬರಹವನ್ನು ಗಿರಿಜಾಳ ಕೈಲಿ ಟೈಪು ಮಾಡಿಸಿದ್ದರು. ಇವಳು ಟೈಪು ಮಾಡಿ ಸುಮ್ಮನಿರದೆ, ಯಾವ ಹೆಸರು ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಪಟ್ಟಿ ಮಾಡಿ ಕೊನೆಗೆ ಸೇರಿಸಿದಳು. ಪುಸ್ತಕದ ಹಿಂದೆ ಇರುವ ಅಂಥ ಪದಸೂಚಿಗೆ ಹೊರದೇಶದಲ್ಲಿ ಬೆಲೆ ಇದೆಯಂತೆ. ಅವರು ಇನ್ನೊಬ್ಬರಿಗೆ ಹೇಳಿದರು, ಆ ಇನ್ನೊಬ್ಬರು ಮತ್ತೊಬ್ಬರಿಗೆ. ಊರಿಗೆ ಇಂಟರ್‌ನೆಟ್ ಬಂದ ಮೇಲೆ ಪುಸ್ತಕಗಳು ಈಮೇಲಿನಲ್ಲೇ ಬರತೊಡಗಿದವು. ಗಿರಿಜಾ ಮಡಚುವ ಕಂಪ್ಯೂಟರೊಂದನ್ನು ಕೊಂಡಳು. ನಾನು ಅದನ್ನು ಹೊಸ ಮಾದರಿಯ ಮೆಷಿನ್ನು ಎಂದುಕೊಂಡಿದ್ದೆ.

ನಾನು ನಿವೃತ್ತನಾಗಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಅವಳು ಹೇಳಿದಳು: "ಅಣ್ಣ, ಮೆಷಿನ್ ಎಲ್ಲಾ ಕೊಟ್ಟುಬಿಟ್ಟೆ."

"ಯಾರಿಗೆ?"

"ಗುಜರಿಯವನಿಗೆ. ಈಗ ಕಲಿಯಾಕೆ ಯಾರು ಬರ್ತಾರೆ? ಒಂದು ಮಾತ್ರ ಇಟ್ಟೀನಿ, ನಿನಗೆ."

"ನನಗ್ಯಾಕ?"

"ಇರ್ಲಿ. ನಾನು ಮುಂದಿನ ತಿಂಗಳು ಹೊರಗಿನ ದೇಶಕ್ಕೆ ಹೊಂಟೀನಿ. ಮೊದ್ಲು ಕ್ಯಾಂಡಿ, ಆಮ್ಯಾಲೆ ಪೆನಾಂಗ್. ವೀಸಾ ಎಷ್ಟು ದಿನ ಐತೋ ಅಷ್ಟು ದಿನ ಅಲ್ಲಿ. ಮುಗಿದ ಮ್ಯಾಲೆ ಮತ್ತೊಂದು ಊರು."

ನಾನು ತಟ್ಟೆ ಕೆಳಗಿಟ್ಟೆ. "ಆ ಪಟ್ಟಿ ಮಾಡೋ ಕೆಲಸ ಇಲ್ಲೇ ಕೂತು ಮಾಡಾಕೆ ಆಗಲ್ಲೇನು?"

"ಆಗ್ತೈತೆ."

"ಮತ್ತೆ ಯಾಕ ಹೋಗ್ತಿ?"

"ಇಲ್ಲೇ ಕೂತು ಮಾಡಾಕೆ ಆಗ್ತೈತೆ ಅಂದ್ರೆ, ಅಲ್ಲಿ ಕೂತೂ ಮಾಡಾಕೆ ಆಗ್ತೈತಲ್ಲ."

"ನಲವತ್ತೇಳು ವರ್ಷ ನಿನಗೆ. ಜನ ಏನಂತಾರೆ?"

"ಇಷ್ಟು ದಿನ ನಾನು ಇದ್ದದ್ದೇ ಜನಕ್ಕೆ ಗೊತ್ತಿಲ್ಲ. ಹೋದ್ರೆ ಗೊತ್ತಾಗ್ತೈತೆ, ಆಗ್ಲಿ ಬಿಡು. ಇನ್ನೊಂದು ರೊಟ್ಟಿ ಹಾಕ್ಲಾ?"

ಒಲೆಯ ಮುಂದೆ ಕೂತವಳು ತಿರುಗಿ ಕೂಡ ನೋಡಲಿಲ್ಲ. ಅಷ್ಟು ವರ್ಷ ಬೆಳಿಗ್ಗೆ ಐದಕ್ಕೆ ಎದ್ದದ್ದೆಲ್ಲ ಆ ಬೆನ್ನಿನಲ್ಲಿತ್ತು.

ನಮ್ಮದು ಜಂಗಮರು ಮನೆಗೆ ಬಂದರೆ ಪಾದಕ್ಕೆ ನೀರು ಹಾಕಿ ಕೂರಿಸುವ ಮನೆತನ. ಒಂದೆಡೆ ನಿಲ್ಲದೆ ಸುತ್ತುವುದು ದೊಡ್ಡ ಗುಣ ಎಂದು ಚಿಕ್ಕಂದಿನಿಂದ ಕೇಳಿ ತಲೆಯಾಡಿಸಿದವನು ನಾನು. ಸುತ್ತುವವರು ಬೇರೆಯವರ ಮನೆಯವರಾಗಿದ್ದಾಗ ತಲೆಯಾಡಿಸುವುದು ಸುಲಭ. ನಮ್ಮ ಮನೆಯ ಹೆಂಗಸೇ ಜೋಳಿಗೆಯಲ್ಲಿ ಕಂಪ್ಯೂಟರು ಹಾಕಿಕೊಂಡು ಹೊರಟು ನಿಂತಾಗ ನಾನು ಕೊಟ್ಟದ್ದು ಆಶೀರ್ವಾದವಲ್ಲ, ಒಂದು ಷರತ್ತು: ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಪತ್ರ ಬಂದಿರಬೇಕು. ಅವಳು ನಕ್ಕು, "ಆಗ್ಲಿ ಟೈಮ್ ಕೀಪರೇ" ಎಂದಳು. ಅವಳನ್ನು ಬೆಂಗಳೂರಿನ ಬಸ್ಸು ಹತ್ತಿಸಿ ಬರುವಾಗಲೇ ಆ ಕೆಂಪು ರಿಜಿಸ್ಟರನ್ನು ಕೊಂಡೆ.

ನಮ್ಮ ಮನೆಯಲ್ಲಿ ಫೋನಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುವ ವಸ್ತು ಬೇಡವೆಂದು ನಾನೇ ಹಾಕಿಸಿರಲಿಲ್ಲ. ಅವಳ ಪತ್ರ ಈಮೇಲಾಗಿ ಬರುತ್ತಿದ್ದದ್ದು ನಾಲ್ಕು ಮನೆ ಆಚೆಗಿನ ಹಾಲಪ್ಪನ ಎಸ್‌ಟಿಡಿ ಬೂತಿಗೆ. ಬೂತಿನ ಮೂಲೆಯಲ್ಲಿ ಒಂದು ಕಂಪ್ಯೂಟರು ಇಟ್ಟಿದ್ದ. ಹಾಲಪ್ಪ ಮೊದಲು ಬಟ್ಟೆ ಮಿಲ್ಲಿನಲ್ಲಿದ್ದವನು. ನಾನು ಶಿಸ್ತಿನ ಬಗ್ಗೆ ಮಾತೆತ್ತಿದಾಗೆಲ್ಲ ಅವನದು ಒಂದೇ ಉತ್ತರ: "ಮಿಲ್ ಬಾಗಿಲು ಹಾಕಿದ ದಿನ ನಾನು ಐದು ನಿಮಿಷ ಮುಂಚೇನೇ ಹೋಗಿದ್ದೆ ರೀ, ಯಜಮಾನ್ರೆ."

ಗಿರಿಜಾ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಅದನ್ನು ನಾನು ಗಟ್ಟಿಯಾಗಿ ಓದಿದರೆ ಮಾತ್ರ ನನಗೆ ತಿಳಿಯುತ್ತಿತ್ತು. ಹಾಗಾಗಿ ಪಾಳಿಗೆ ಕಾದು ನಿಂತವರೆಲ್ಲ ಕೇಳುತ್ತಿದ್ದರು. ಪೆನಾಂಗಿನಲ್ಲಿ ಅವಳ ಕೋಣೆಯ ಕೆಳಗೆ ಶವದ ಪೆಟ್ಟಿಗೆ ಮಾಡುವ ಅಂಗಡಿ ಇದೆ, ಮರದ ವಾಸನೆ ಹಿತವಾಗಿದೆ, ಅಂಗಡಿಯ ಮುದುಕ ದಿನಾ ಸಂಜೆ ಅವಳಿಗೆ ಒಂದು ಬಟ್ಟಲು ಗಂಜಿ ಕಳಿಸುತ್ತಾನೆ ಎಂಬುದೆಲ್ಲ ವಿನೋಬನಗರಕ್ಕೆ ತಿಳಿದಿತ್ತು. "ಅಣ್ಣ, ಇಲ್ಲಿ ಬೆಳಿಗ್ಗೆ ಎಂಟರವರೆಗೂ ಮಲಗ್ತೀನಿ" ಎಂದು ಒಮ್ಮೆ ಬರೆದಿದ್ದಳು. ಸರದಿಯಲ್ಲಿದ್ದ ಹೆಂಗಸೊಬ್ಬಳು, "ಪುಣ್ಯವಂತೆ" ಎಂದಳು. ಪ್ರತಿ ಪತ್ರಕ್ಕೂ ನಾನು ಹಾಲಪ್ಪನ ಕೈಲಿ ಒಂದೇ ಪದದ ಉತ್ತರ ಕಳಿಸುತ್ತಿದ್ದೆ: ತಲುಪಿತು. ಮನೆಗೆ ಬಂದು ರಿಜಿಸ್ಟರಿನಲ್ಲಿ 'ಹಾ' ಎಂದು ಬರೆಯುತ್ತಿದ್ದೆ.

ಒಂದು ವರ್ಷ ಸಾಲಾಗಿ 'ಹಾ' ಬಿತ್ತು. ಅವಳು ಚಿಯಾಂಗ್ ಮಾಯ್ ಎಂಬ ಊರಿಗೆ ಹೋಗಿ, ಮತ್ತೆ ಪೆನಾಂಗಿನ ಅದೇ ಕೋಣೆಗೆ ಬಂದಿದ್ದಳು. ಆಮೇಲೆ ಒಂದು ಸೋಮವಾರ ಪತ್ರವಿಲ್ಲ. "ಲೈನ್ ಐತೆ ರೀ, ಪತ್ರ ಇಲ್ಲ" ಎಂದ ಹಾಲಪ್ಪ. ಎರಡನೆಯ ಸೋಮವಾರವೂ ಇಲ್ಲ. ಮೂರನೆಯದೂ ಇಲ್ಲ. ನನಗೆ ಹೆದರಿಕೆಯಾಗಿತ್ತು. ಆದರೆ ಹೆದರಿಕೆಯನ್ನು ಬರೆಯುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಮೂರು ಗೈರಿಗೆ ಏನು ಬರೆಯಬೇಕು ಎಂಬುದು ಮಾತ್ರ ಬಾಯಿಪಾಠವಾಗಿತ್ತು. ಹಾಲಪ್ಪನ ಪಕ್ಕ ನಿಂತು, ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ತಾವು ಸತತ ಮೂರು ವಾರ ಪೂರ್ವಾನುಮತಿ ಇಲ್ಲದೆ ಗೈರುಹಾಜರಾಗಿದ್ದೀರಿ. ತಮ್ಮ ಹೆಸರನ್ನು ಏಕೆ ತೆಗೆದುಹಾಕಬಾರದು, ಕಾರಣ ತಿಳಿಸಿ.

ಹಾಲಪ್ಪನ ಬೆರಳು ನಿಂತಿತು. "ಏನು ಬರೆಸಿದ್ರಿ ಇದು?"

ಕನ್ನಡದಲ್ಲಿ ಹೇಳಿದೆ.

"ನನಗೂ ಹಿಂಗೇ ಒಂದು ಕಾಗದ ಬಂದಿತ್ತು, ಕಾಮಾಲೆ ಆಗಿ ಮಲಗಿದಾಗ" ಎಂದ. "ಬ್ಯಾಡ ಬಿಡ್ರಿ. ಹೆಂಗೆ ಇದ್ದೀ ತಂಗಿ ಅಂತ ಕೇಳ್ರಿ."

"ಅವಳಿಗೆ ತಮಾಷೆ ತಿಳಿಯುತ್ತೆ. ಕಳಿಸು" ಎಂದೆ. ತಮಾಷೆ ಎಂದು ನಾನೂ ಅರ್ಧ ನಂಬಿದ್ದೆ. ಉಳಿದರ್ಧ ಸಿಟ್ಟು. ಅವನು ಕಳಿಸಿದ.

ಮುಂದಿನ ಸೋಮವಾರ ಪತ್ರ ಬಂದಿತ್ತು. ಹಾಲಪ್ಪ ನನ್ನನ್ನು ದೂರದಿಂದಲೇ ಕಂಡು, "ಬರ್ರಿ ಬರ್ರಿ, ಕೂಡ್ರಿ, ಬಂದೈತೆ" ಎಂದು ಕುರ್ಚಿ ಒರೆಸಿದ. ನಾನು ಎಂದಿನಂತೆ ಗಟ್ಟಿಯಾಗಿ ಓದಲು ಶುರು ಮಾಡಿದೆ.

"ಅಣ್ಣ, ನೋಟೀಸು ತಲುಪಿತು. ಆಸ್ಪತ್ರೇಲಿದ್ದೆ. ಹೊಟ್ಟೇಲಿ ಗಡ್ಡೆ ಇತ್ತು, ತೆಗೆದ್ರು. ಆಪರೇಷನ್ ಕಾಗದಕ್ಕೆ ಸಹಿ ಹಾಕಾಕೆ ನಿಮ್ಮ ಮನೆಯವ್ರು ಯಾರಿದ್ದಾರೆ ಅಂತ ಕೇಳಿದ್ರು. ಫೋನ್ ನಂಬರ್ ಕೇಳಿದ್ರು, ನಮ್ಮ ಮನೇಲಿ ಇಲ್ಲ ಅಂದೆ. ಕೆಳಗಿನ ಪೆಟ್ಟಿಗೆ ಅಂಗಡಿ ಮುದುಕ ಬಂದು ಸಹಿ ಹಾಕಿದ."

ಅಲ್ಲಿಗೆ ಗಟ್ಟಿಯಾಗಿ ಓದುವುದನ್ನು ಬಿಟ್ಟೆ. ಉಳಿದ ಎರಡು ಸಾಲನ್ನು ತುಟಿ ಅಲ್ಲಾಡಿಸಿ ಓದಿಕೊಂಡೆ. "ಇವತ್ತು ಹಾಜರಾಗೀನಿ. ಕಾರಣ ತೃಪ್ತಿಕರ ಹೌದೋ ಅಲ್ಲವೋ, ತಿಳಿಸು."

ನಾನು ಅವತ್ತು ಹಾಲಪ್ಪನಿಂದ ಬರೆಸಿದ್ದು, ಕೂಡಲೇ ಹೊರಟು ವಾಪಸ್ ಬಾ ಎಂದು. ಅದೂ ಹುಕುಮೇ. ಅದಕ್ಕೆ ಅವಳ ಉತ್ತರ ಒಂದು ವಾರ ಬಿಟ್ಟು ಬಂತು: "ಹಾಜರ್." ಅದರ ಮುಂದಿನ ಸೋಮವಾರವೂ, "ಹಾಜರ್." ಗಂಜಿಯಿಲ್ಲ, ಮರದ ವಾಸನೆಯಿಲ್ಲ, ಗಾಯ ಮಾಗಿತೋ ಇಲ್ಲವೋ ಸುದ್ದಿಯಿಲ್ಲ. ಸರಿಯಾಗಿ ಹತ್ತಕ್ಕೆ ಒಂದು ಪದ. ಜೀವಮಾನವೆಲ್ಲ ನಾನು ಜನರಿಂದ ಕೇಳಿದ್ದು ಇದನ್ನೇ. ಕೇಳಿದ್ದನ್ನೇ ಅವಳು ಕಳಿಸುತ್ತಿದ್ದಳು. ಎಂಟು ಸೋಮವಾರ ನಾನು 'ಹಾ' ಬರೆದೆ. ಒಂಬತ್ತನೆಯ ಸಲ ಪೆನ್ನಿನ ಮುಚ್ಚಳ ತೆಗೆಯಲು ಕೈ ಬರಲಿಲ್ಲ.

ಟೈಮ್ ಆಫೀಸಿನ ಒಂದು ಗುಟ್ಟನ್ನು ಹೇಳುತ್ತೇನೆ. ಎಲ್ಲರ ಹಾಜರಿ ಹಿಡಿಯುವವನ ಹಾಜರಿಯನ್ನು ಯಾರೂ ಹಿಡಿಯುವುದಿಲ್ಲ. ನನ್ನ ಹೆಸರಿನ ಮುಂದೆ ನಾನೇ ಗುರುತು ಹಾಕಿಕೊಳ್ಳುತ್ತಿದ್ದೆ. ಗಿರಿಜಾಳ ವಿಷಯದಲ್ಲೂ ಅಷ್ಟೇ. ಒಂದು ವರ್ಷ ಅವಳು ತನ್ನ ಬೆಳಗು, ಬೈಗು, ಊಟ, ನಿದ್ದೆ ಎಲ್ಲ ಬರೆದಳು. ನಾನು ಉಂಡೆನೋ ಇಲ್ಲವೋ ಅವಳಿಗೆ ತಿಳಿಯದು. ಮನೆ ಬಿಟ್ಟು ಹೋದವಳು ಪ್ರತಿ ವಾರ ಬರುತ್ತಿದ್ದಳು. ಮನೆಯಲ್ಲೇ ಇದ್ದ ನಾನು ಒಂದು ಸಲವೂ ಹೋಗಿರಲಿಲ್ಲ.

ಅವಳು ಬಿಟ್ಟುಹೋಗಿದ್ದ ಮೆಷಿನ್ನಿನ ಧೂಳು ಒರೆಸಿದೆ. ದಾವಣಗೆರೆಯ ಅರ್ಧ ಗುಮಾಸ್ತರಿಗೆ ಟೈಪು ಕಲಿಸಿದವಳು ಒಳಮನೆಯಲ್ಲೇ ಇದ್ದ ನನಗೆ ಕಲಿಸಿರಲಿಲ್ಲ, ನಾನು ಕೇಳಿರಲಿಲ್ಲ. ಹದಿನೈದು ದಿನ ಎರಡು ಬೆರಳಿನಲ್ಲಿ ಟಕಟಕ ಕುಟ್ಟಿದೆ. ಆಮೇಲೆ ಹಾಲಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ನಾನೇ ಕೂತೆ.

"ಒಂದಕ್ಷರ ಹುಡುಕಾಕೆ ಇಷ್ಟೊತ್ತು ಮಾಡಿದ್ರೆ ಲೈನ್ ಕಟ್ ಆಗ್ತೈತೆ, ಯಜಮಾನ್ರೆ."

"ಕಟ್ ಆದರೆ ಮತ್ತೆ ಹಾಕು."

ಮೂರು ಸಲ ಕಟ್ ಆಯಿತು. ನಾಲ್ಕನೆಯ ಸಲ ಹೋಯಿತು. ಬರೆದದ್ದು ಇಷ್ಟೇ: ಗಿರಿಜಾ, ಇವತ್ತು ಎದ್ದದ್ದು ಎಂಟಕ್ಕೆ. ಎದ್ದು ಮಾಡುವ ಕೆಲಸ ಇರಲಿಲ್ಲ. ರೊಟ್ಟಿ ಬಡಿದರೆ ಹರಿಯುತ್ತದೆ, ಅದಕ್ಕೆ ಮಂಡಕ್ಕಿ ತಿನ್ನುತ್ತಿದ್ದೇನೆ. ಶಾಲು ನಿನ್ನದು, ಪೆಟ್ಟಿಗೆಯಲ್ಲಿದೆ. ಆ ಸಹಿ ನಾನು ಹಾಕಬೇಕಿತ್ತು. ಅವತ್ತು ನಾನು ಗೈರು. ಕಾರಣ ತೃಪ್ತಿಕರವಲ್ಲ.

ಸೋಮವಾರದವರೆಗೆ ಕಾಯಲಾಗದೆ ಗುರುವಾರವೇ ಬೂತಿಗೆ ಹೋದೆ. ಪತ್ರ ಬಂದಿತ್ತು. ಗಡ್ಡೆಯ ಪರೀಕ್ಷೆಯ ಫಲ ಚೆನ್ನಾಗಿ ಬಂದಿಲ್ಲ, ಇನ್ನೊಂದು ಆಪರೇಷನ್ ಆಗಬೇಕು, ಊರಿಗೆ ಅಷ್ಟು ದೂರ ಪ್ರಯಾಣ ಮಾಡಬೇಡ ಎಂದಿದ್ದಾರೆ ಡಾಕ್ಟರು ಎಂದು ಬರೆದಿದ್ದಳು. ಇದನ್ನು ನಾನು ಗಟ್ಟಿಯಾಗಿ ಓದಲಿಲ್ಲ. ರೊಟ್ಟಿ ಹರಿಯುವುದು ನೀರು ಸರಿಯಾಗಿ ಕುದಿಯದಿದ್ದಾಗ ಎಂದು ಎರಡು ಸಾಲು. ಕೊನೆಗೆ: "ನಿನಗೆ ಗೈರು ಹಾಕಿಲ್ಲ ಅಣ್ಣ. ತಡ ಮಾಡಿ ಬಂದೀ ಅಂತ ಅರ್ಧ ದಿನ ಹಾಕೀನಿ."

ಆ ಕೊನೆಯ ಸಾಲನ್ನು ಮಾತ್ರ ಹಾಲಪ್ಪನಿಗೆ ಓದಿ ಹೇಳಿದೆ. ಅವನು ಮುಖ ಆಚೆ ತಿರುಗಿಸಿ ಫೋನಿನ ವೈರು ಸರಿ ಮಾಡತೊಡಗಿದ.

ನಾನೀಗ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ವಿಚಾರಣೆಗೆ ಬಂದ ಪೊಲೀಸಿನವರು, "ಈ ವಯಸ್ಸಿನಾಗೆ ಎಲ್ಲಿಗ್ರಿ? ಯಾಕ?" ಎಂದರು. ಸಹಿ ಹಾಕುವುದಿದೆ ಎಂದೆ. ಶಾಲನ್ನು ಬಿಸಿಲಿಗೆ ಹಾಕಿ ಮತ್ತೆ ಮಡಚಿದ್ದೇನೆ. ಮನೆಯ ಬೀಗದ ಕೈ ಹಾಲಪ್ಪನ ಬಳಿ ಇರುತ್ತದೆ. ರಿಜಿಸ್ಟರಿನ ಎರಡನೆಯ ಸಾಲಿನಲ್ಲಿ ನನ್ನ ಹೆಸರು ಬರೆದು, ಅವಳು ಹೇಳಿದ ಅರ್ಧ ದಿನವನ್ನು ಗುರುತು ಮಾಡಿದ್ದೇನೆ. ಆಗ ಬೇವಿನ ಮರದ ಕೆಳಗೆ ಕೂತವರ ನೆನಪಾಯಿತು. ಕಿಟಕಿಯಿಂದ ನೋಡುವಾಗ ಅವರೆಲ್ಲ ಅರ್ಧ ದಿನ ಕಳೆದುಕೊಂಡವರೆಂದು ನಾನು ತಿಳಿದಿದ್ದೆ. ಅವರು ಮಾತ್ರ ಊಟದ ಗಂಟು ಮಡಿಲಲ್ಲಿಟ್ಟುಕೊಂಡು, ಉಳಿದರ್ಧಕ್ಕೆ ಗೇಟು ತೆರೆಯುವುದನ್ನೇ ನೋಡುತ್ತ ಕೂತಿರುತ್ತಿದ್ದರು.