ಕುಂಕುಮ ಬಿದ್ದ ಕ್ಯಾಚರ್ ಕಾರ್ಡು

ನನಗೆ ಬೇಸ್‌ಬಾಲ್ ಆಟದ ಗಂಧಗಾಳಿಯೂ ಗೊತ್ತಿಲ್ಲ. ಯಾರು ಯಾವಾಗ ಔಟಾಗುತ್ತಾರೆ, ಯಾಕೆ ಓಡುತ್ತಾರೆ, ಒಂದೂ ತಿಳಿಯದು. ಆದರೂ ಒಂದು ಹಳೆಯ ಬೇಸ್‌ಬಾಲ್ ಕಾರ್ಡಿಗಾಗಿ ನಾನು ವರ್ಷಗಟ್ಟಲೆ ಹೊಟ್ಟೆ ಉರಿದುಕೊಂಡೆ. ಹೊಟ್ಟೆಕಿಚ್ಚು ಎಂದು ಈಗ ಬಾಯಿಬಿಟ್ಟು ಹೇಳುತ್ತಿದ್ದೇನೆ. ಆಗೆಲ್ಲ ಅದನ್ನು ನ್ಯಾಯ ಎಂದುಕೊಳ್ಳುತ್ತಿದ್ದೆ.

ಪರದೇಶಕ್ಕೆ ಓದಲು ಬಂದ ಹೊಸತರಲ್ಲಿ ನಾವಿಬ್ಬರು ಹುಡುಗಿಯರು ಪಾಪಟೋಯಿಟೋಯಿ ಎಂಬ ಊರಿನ ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ನಾನು ಮೈಸೂರಿನವಳು, ಅವಳು ಧಾರವಾಡದವಳು. ಮುಂಭಾಗದಲ್ಲಿ ಮನೆಯ ಯಜಮಾನರು, ಒಂಟಿ ಮುದುಕರು. ಇಬ್ಬರೂ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಹಿಂದೆ ಹಡಗಿನಲ್ಲಿ ಅಡುಗೆಯವರಾಗಿದ್ದರಂತೆ. ಅಮೆರಿಕದ ಬಂದರುಗಳಲ್ಲಿ ಕೂಡಿಹಾಕಿದ ಕಾರ್ಡುಗಳು ಅವರ ಹತ್ತಿರ ನಾಲ್ಕು ಆಲ್ಬಂ ತುಂಬ ಇದ್ದವು. ಬೆರಳುದ್ದದ ರಟ್ಟು, ಅದರ ಮೇಲೆ ಆಟಗಾರನ ಬಣ್ಣದ ಚಿತ್ರ, ಅಷ್ಟೇ. ಭಾನುವಾರ ಮಧ್ಯಾಹ್ನ ನಮ್ಮನ್ನು ಕೂರಿಸಿಕೊಂಡು ಒಂದೊಂದನ್ನೇ ತೋರಿಸುವರು. ಸವೆದ ಅಂಚನ್ನು ಬ್ಲೇಡಿನಿಂದ ಕತ್ತರಿಸಿ ನೇರ ಮಾಡಿದ್ದು, ಬಿಳಿಚಿದ ಮೂಲೆಗೆ ಮಸಿ ತುಂಬಿದ್ದು, ಮಡಿಕೆಯನ್ನು ಒತ್ತಿ ಮಾಯ ಮಾಡಿದ್ದು, ಹೀಗೆ ಯಾರೋ ಕೈಯಾಡಿಸಿದ ಕಾರ್ಡುಗಳೂ ಅದರಲ್ಲಿದ್ದವು. ಅಂಥವನ್ನು ಎಸೆಯಬೇಕಾಗಿಲ್ಲ, ಬಚ್ಚಿಡಲೂ ಬಾರದು ಎನ್ನುವುದು ಅವರ ನಿಯಮ. ಏನಾಗಿದೆ ಎಂದು ಚೀಟಿ ಬರೆದು ಕಾರ್ಡಿನ ಜೊತೆಗಿಡಬೇಕು, ಇನ್ನೊಬ್ಬರ ಕಣ್ಣು ಕಂಡುಹಿಡಿಯುವ ಮೊದಲು ನಮ್ಮ ಬಾಯಿಂದಲೇ ಹೇಳಬೇಕು.

ಆ ರಾಶಿಯಲ್ಲಿ ನನ್ನ ಕಣ್ಣಿದ್ದದ್ದು ಒಂದರ ಮೇಲೆ. ಕ್ಯಾಚರ್ ಒಬ್ಬನ ಚಿತ್ರ. ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ ಎಂದುಕೊಳ್ಳಿ. ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಮುಖದ ಜಾಲರಿಯನ್ನು ತಲೆಯ ಮೇಲಕ್ಕೆ ತಳ್ಳಿಕೊಂಡಿದ್ದಾನೆ, ಹಿಂದೆ ಕೆಂಪು ಆಕಾಶ, ಸುತ್ತ ಅಚ್ಚ ಬಿಳಿ ಅಂಚು. ಅಂಕಲ್ ಮನೆ ಮಾರಿ ವೃದ್ಧಾಶ್ರಮಕ್ಕೆ ಹೊರಟಾಗ ಕಾರ್ಡುಗಳನ್ನು ನಮ್ಮಿಬ್ಬರಿಗೂ ಹಂಚಿದರು. ಕ್ಯಾಚರ್ ಅವಳಿಗೆ ಹೋಯಿತು. ಎರಡು ವರ್ಷ ಅವರಿಗೆ ಸಾರು ಮಾಡಿ ಕೊಟ್ಟವಳು ನಾನು, ಆಲ್ಬಂ ಧೂಳು ಹೊಡೆದವಳು ನಾನು! ಅವಳು ಮಾಡಿದ್ದೇನು? "ಅಂಕಲ್, ಅದು ನನಗಿರಲಿ" ಎಂದು ಕೇಳಿದಳು, ಅವರು ಕೊಟ್ಟರು. ನಾನು ಕೇಳಲಿಲ್ಲ. ಕೇಳದೆಯೇ ಕೊಡಬೇಕಿತ್ತು ಎನ್ನುವುದು ನನ್ನ ವಾದ.

ಆಮೇಲೆ ಇಬ್ಬರಿಗೂ ಕೆಲಸ ಸಿಕ್ಕಿತು, ಮದುವೆಯಾಯಿತು. ನಾನು ಪುಕೆಕೊಹೆಯಲ್ಲಿ ತರಕಾರಿ ಪ್ಯಾಕ್ ಮಾಡುವ ಕಡೆ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದೆ. ಈರುಳ್ಳಿಯ ಮೇಲಿನ ಕಲೆ ಮಾರು ದೂರದಿಂದ ಕಾಣುವ ಕಣ್ಣು ನನ್ನದು. ಕಾರ್ಡು ಕೂಡಿಸುವವರ ಸಣ್ಣ ಸಂಘವೊಂದಕ್ಕೂ ಇಬ್ಬರೂ ಸೇರಿದೆವು. ಅಲ್ಲಿ ಅವಳು ಕ್ಯಾಚರನ್ನು ಹೊರತೆಗೆದರೆ ಸಾಕು, ಎಲ್ಲರೂ ನನ್ನ ಮೇಜು ಬಿಟ್ಟು ಎದ್ದು ಹೋಗುವರು. ನಾನೂ ನಗುತ್ತಾ ಹೋಗಿ ನಿಲ್ಲುತ್ತಿದ್ದೆ.

ಹೋದ ವರ್ಷ ಸಂಘದ ವಾರ್ಷಿಕ ಪ್ರದರ್ಶನದಲ್ಲಿ ನಡುವಿನ ಮೇಜನ್ನು ಅವಳಿಗೆ ಕೊಟ್ಟರು. ಆ ಮೇಜಿಗಾಗಿ ನಾನು ಮೂರು ಸಲ ಅರ್ಜಿ ಹಾಕಿದ್ದೆ. "ಭೇಷಾಯ್ತು ಕಣೇ" ಎಂದು ಫೋನಿನಲ್ಲಿ ಹೇಳಿದೆ. ಫೋನಿಟ್ಟು, ಅಡುಗೆಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಸದ್ದು ಮಾಡಿ ತೊಳೆದೆ.

ಪ್ರದರ್ಶನಕ್ಕೆ ಎರಡು ವಾರ ಮೊದಲು ಆಯುಧಪೂಜೆ ಬಂತು. ಪ್ರತಿವರ್ಷ ಅವಳ ಮನೆಗೆ ಹೋಗುವುದು ರೂಢಿ. ಅಂಗಳದಲ್ಲಿ ಅವಳ ಗಂಡ ಯೂಟ್ ಗಾಡಿ ತೊಳೆದು ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದ. ಒಳಗೆ ದೇವರ ಮುಂದೆ ಲ್ಯಾಪ್‌ಟಾಪು, ಕತ್ತರಿ, ಮಿಕ್ಸಿ ಎಲ್ಲ ಸಾಲಾಗಿ ಕೂತಿದ್ದವು. ಒಂದು ತಟ್ಟೆಯಲ್ಲಿ ಕ್ಯಾಚರ್. ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಬರಿಮೈಯಲ್ಲಿ ಮಲಗಿಸಿದ್ದಳು.

"ಪಾಪ, ವರ್ಷಾನುಗಟ್ಟಲೆ ಡಬ್ಯಾಗಽ ಕುಂತಾನ. ಒಂದಿನ ಹೊರಗ ಬರ್ಲಿ" ಎಂದಳು. ಹೋಳಿಗೆ ಮಾಡುತ್ತಿದ್ದ ಅವಳ ಕೈಗೆಲ್ಲ ಹೂರಣ ಮೆತ್ತಿತ್ತು. "ನೀನಽ ಒಂಚೂರು ಎಲ್ಲಾದಕ್ಕೂ ಕುಂಕುಮ ಹಚ್ಚಿಬಿಡು. ಕಾರ್ಡಿಗೆ ಮಾತ್ರ ಒಣಾದು ಸುಮ್ನ ಮ್ಯಾಲಿಂದ ಉದುರ್ಸು. ನಾಳೆ ಝಾಡಿಸಿದ್ರ ಹೋಗ್ತೈತಿ."

ಲ್ಯಾಪ್‌ಟಾಪಿಗೆ ಹಚ್ಚಿದೆ, ಮಿಕ್ಸಿಗೆ ಹಚ್ಚಿದೆ. ಕ್ಯಾಚರ್ ಮುಂದೆ ಬಂದಾಗ ಅಡುಗೆಮನೆಯ ಕಡೆ ನೋಡಿದೆ. ಅವಳ ಬೆನ್ನು ಕಂಡಿತು. ಪಂಚಪಾತ್ರೆಯ ನೀರಿಗೆ ಬೆರಳು ಅದ್ದಿದೆ. ಕುಂಕುಮಕ್ಕೆ ಒತ್ತಿದೆ. ಬಿಳಿ ಅಂಚಿನ ಮೂಲೆಗೆ ಇಟ್ಟೆ, ಮುತ್ತೈದೆಯ ಹಣೆಗೆ ಇಡುವ ಹಾಗೆ, ಗಟ್ಟಿಯಾಗಿ. ಮೇಲೆ ಒಂದು ಹೂವು ಇಟ್ಟು ಮುಚ್ಚಿದೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನ ಮರುಪೂಜೆಯಾಗುವ ತನಕ ಯಾರೂ ಮುಟ್ಟುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಹೋಳಿಗೆ ತಿಂದು, ತುಪ್ಪ ಇನ್ನಷ್ಟು ಹಾಕಿಸಿಕೊಂಡು ಮನೆಗೆ ಬಂದೆ.

ಮರುದಿನ ಅವಳ ಫೋನು. "ಕುಂಕುಮ ರಟ್ಟಿನಾಗ ಇಳದುಬಿಟ್ಟೈತಿ" ಎಂದು ಅತ್ತಳು.

"ಅಯ್ಯೋ! ಹೆಂಗಾಯ್ತೇ?" ಎಂದೆ. ನನ್ನ ದನಿಯಲ್ಲಿದ್ದ ಮರುಕ ಕೇಳಿ ನಾನೇ ಬೆರಗಾದೆ.

ಸಂಜೆಯೇ ಹೋದೆ, ಬ್ಲೇಡು ಮತ್ತು ಸ್ಟೀಲಿನ ಅಳತೆಪಟ್ಟಿ ಹಿಡಿದುಕೊಂಡು. "ಅಂಚನ್ನ ಒಂದು ಎಳೆ ಕತ್ತರಿಸಿಬಿಡೋಣ ಕಣೇ. ನನ್ನ ಕೈ ನಡುಗಲ್ಲ. ಯಾರಿಗೂ ಗೊತ್ತಾಗಲ್ಲ" ಎಂದೆ. ಕತ್ತರಿಸಿದ್ದರೆ ಕಾರ್ಡೂ ಹೋಗುತ್ತಿತ್ತು, ಅವಳ ಮಾನವೂ ಹೋಗುತ್ತಿತ್ತು. ಅಳತೆ ಹಾಕಿ ನೋಡುವವರು ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅವಳು ಬ್ಲೇಡನ್ನು ನೋಡಿದಳು. ನನ್ನನ್ನೂ ನೋಡಿದಳು. "ಕುಂಕುಮ ಬಿತ್ತಂತ ಇವನ ಕಾಲು ಕಡೀಲೇನು? ಬ್ಯಾಡ. ಚೀಟಿ ಬರದು ಇಡ್ತೀನಿ" ಎಂದಳು.

ಇಡಲಿ, ನಡುವಿನ ಮೇಜಿನಲ್ಲಿ ಕೆಟ್ಟ ಕಾರ್ಡು ಇಟ್ಟುಕೊಂಡು ಕೂರಲಿ ಎಂದುಕೊಂಡೆ. ಪ್ರದರ್ಶನದ ದಿನ ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದೆ. ಹೋಗಿ ನೋಡಿದರೆ, ಅವಳ ಮೇಜಿನ ಸುತ್ತ ಎಂದಿಗಿಂತ ಹೆಚ್ಚು ಜನ! ಕಾರ್ಡಿನ ಪಕ್ಕದಲ್ಲಿ ದುಂಡಗಿನ ಅಕ್ಷರದ ಇಂಗ್ಲಿಷ್ ಚೀಟಿ: ಪೂಜೆಯ ಕುಂಕುಮ ತಗುಲಿ ಕಲೆಯಾಗಿದೆ, ಒಡತಿಯ ಅಜಾಗರೂಕತೆಯಿಂದ. ಕೇಳುವ ಮೊದಲೇ ಒಬ್ಬೊಬ್ಬರಿಗೂ ಕಲೆಯನ್ನು ತೋರಿಸಿ ಹೇಳುತ್ತಿದ್ದಳು. ಆಯುಧಪೂಜೆ ಎಂದರೇನು, ಮಿಕ್ಸಿಗೆ ಯಾಕೆ ಹೂವು ಇಡುತ್ತೇವೆ, ಎಲ್ಲವನ್ನೂ ಅವರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಕೂದಲು ಬೆಳ್ಳಗಾದ ಹೆಂಗಸೊಬ್ಬರು ನನ್ನ ತೋಳು ಹಿಡಿದು, ಇಷ್ಟು ಪ್ರಾಮಾಣಿಕಳಾದ ಗೆಳತಿ ಸಿಗಲು ಪುಣ್ಯ ಮಾಡಿರಬೇಕು ಎಂಬರ್ಥದ ಮಾತಾಡಿದರು.

ಕೆಡಿಸಿದವಳು ನಾನು, ಹೊಗಳಿಕೆ ಅವಳಿಗೆ! ನನ್ನ ಪಾಪವನ್ನೂ ಅವಳೇ ಹೊಡೆದುಕೊಂಡಳಲ್ಲ ಎಂದು ಮೈಯೆಲ್ಲ ಉರಿಯಿತು. ಜನ ಚಹಾಕ್ಕೆ ಎದ್ದಾಗ ನೇರ ಅವಳ ಹತ್ತಿರ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಹೊಗಳಿಕೆಯನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಕಿತ್ತು.

"ಅದು ನಿನ್ನ ತಪ್ಪಲ್ಲ. ನಾನು ಬೇಕಂತಲೇ ನೀರಲ್ಲಿ ಬೆರಳು ಅದ್ದಿ ಹಚ್ಚಿದ್ದು" ಎಂದೆ.

"ಗೊತ್ತೈತಿ" ಎಂದಳು. "ನಾ ಕೊಟ್ಟಿದ್ದು ಒಣಾ ಕುಂಕುಮ. ಒಣಾದು ಹಂಗ ಇಳೀತೈತೇನು?"

"ಗೊತ್ತಿದ್ರೂ ಯಾಕೆ ನಿನ್ನ ತಪ್ಪು ಅಂತ ಬರೆದೆ?"

"ನೀನಽ ಹೇಳ್ತಿ ಅಂತ ಕಾದೆ. ಫೋನಿನಾಗ ಹೇಳ್ತಿ ಅಂದ್ಕೊಂಡೆ. ಮನಿಗೆ ಬಂದಾಗ ಹೇಳ್ತಿ ಅಂದ್ಕೊಂಡೆ. ನೀ ಬ್ಲೇಡ್ ತಗೊಂಡು ಬಂದಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು. ಹಳೆಯ ಚೀಟಿಯನ್ನು ಎತ್ತಿ ಮಡಚಿ, ಹೊಸದೊಂದು ಚೀಟಿಯನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದಳು. "ಖರೇ ಏನೈತಿ, ಅದನ್ನ ನಿನ್ನ ಕೈಲೇ ಬರಿ."

ಬರೆದೆ. ಪೂಜೆಯ ಹೊತ್ತಿನಲ್ಲಿ ಗೆಳತಿಯೊಬ್ಬಳು ಬೇಕೆಂದೇ ಹಚ್ಚಿದ ಕುಂಕುಮದ ಕಲೆ. ಅವಳು ಚೀಟಿಯನ್ನು ಎರಡು ಸಲ ಓದಿದಳು. ಮತ್ತೆ ನನ್ನ ಕಡೆ ತಿರುಗಿಸಿಟ್ಟಳು.

"ಗೆಳತಿ ಅನ್ನೂದು ಒಂದು ತಗಿ" ಎಂದಳು.