ಲೈಬ್ರರಿ ಮೇಷ್ಟ್ರು ಹುಟ್ಟಿಸಿದ ಆನೆ

ಅವರ ಬಲಗೈ ತೋರುಬೆರಳಿಗೆ ಸದಾ ಗೋಂದು ಮೆತ್ತಿರುತ್ತಿತ್ತು. "ಇದನ್ನ ಓದಮ್ಮ" ಎಂದು ಹಾಳೆಯ ಮೇಲೆ ಬೆರಳಿಟ್ಟರೆ, ಎತ್ತುವಾಗ ಹಾಳೆಯೂ ಜೊತೆಗೇ ಏಳುತ್ತಿತ್ತು. ಕಡೂರಿನ ನಮ್ಮ ಕಾಲೇಜಿನ ಲೈಬ್ರರಿ ಮೇಷ್ಟ್ರು ಅವರು. ಎಂ.ಎ. ಓದುವ ನಮಗೆ ಶನಿವಾರ ಶನಿವಾರ ತರಗತಿ ತೆಗೆದುಕೊಳ್ಳುತ್ತಿದ್ದರು: ಮಾಹಿತಿ ಹುಡುಕುವುದು ಹೇಗೆ, ಸಿಕ್ಕಿದ್ದನ್ನು ನಂಬದೇ ಇರುವುದು ಹೇಗೆ. ಎರಡನೆಯದೇ ಅವರಿಗೆ ಪ್ರಿಯ. ಮೊಬೈಲ್ ನೋಡಿ ಏನಾದರೂ ಹೇಳಿದರೆ, "ಬರೆದೋನು ಕಣ್ಣಾರೆ ನೋಡಿದ್ನಾ, ಯಾರಾದ್ರೂ ಹೇಳಿದ್ರಾ?" ಎನ್ನುತ್ತಿದ್ದರು. ಕ್ಯಾಂಟೀನಿನವನು ವಡೆ ಬಿಸಿ ಇದೆ ಎಂದರೂ ಮುಟ್ಟಿ ನೋಡಿಯೇ ತಿನ್ನುವ ಆಸಾಮಿ.

ಒಂದು ಸಲ ನಮ್ಮನ್ನು ಪರೀಕ್ಷಿಸಲು ತಾವೇ ಒಂದು ಸುಳ್ಳು ಲೇಖನ ಬರೆದು, ಹಳೆಯ ಪುಸ್ತಕದ ಜೆರಾಕ್ಸಿನಂತೆ ಕಾಣಿಸಿ ಹಂಚಿದರು. ಕೆಮ್ಮಣ್ಣುಗುಂಡಿಯ ಕಬ್ಬಿಣದ ಗಣಿಯಲ್ಲಿ ಹಿಂದೆ ತಕ್ಕಡಿಯ ಒಂದು ತಟ್ಟೆಗೆ ಆನೆ ಹತ್ತಿಸಿ, ಇನ್ನೊಂದರಲ್ಲಿ ಅದಿರು ತೂಗುತ್ತಿದ್ದರಂತೆ. ನನ್ನ ಪ್ರಾಜೆಕ್ಟು ಆ ಗಣಿಯ ಮೇಲೆಯೇ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಆನೆಗೊಂದು ಅಧ್ಯಾಯವನ್ನೇ ಕೊಟ್ಟೆ. ಮುಂದಿನ ಶನಿವಾರ ಮೇಷ್ಟ್ರು ಗುಟ್ಟು ಬಿಟ್ಟುಕೊಟ್ಟರಂತೆ. ಅವತ್ತು ನಾನು ಚಕ್ಕರ್ ಹೊಡೆದಿದ್ದೆ.

ಆಧಾರಗಳನ್ನೆಲ್ಲ ನೋಡಿ ಅವರು ಸಹಿ ಹಾಕದಿದ್ದರೆ ಪ್ರಾಜೆಕ್ಟ್ ಒಪ್ಪಿಸುವಂತಿಲ್ಲ, ಆ ವರ್ಷ ಪದವಿಯೂ ಇಲ್ಲ. ಆನೆಯ ಅಧ್ಯಾಯ ಓದಿ ಕನ್ನಡಕ ತೆಗೆದರು.

"ಆನೆ ಲದ್ದಿ ಹಾಕಿದ್ಮೇಲೆ ತೂಕ ಕಮ್ಮಿ ಆಗಲ್ವೇನಮ್ಮ? ಅದು ನಾನೇ ಕಟ್ಟಿದ್ ಸುಳ್ಳು."

ನಾನು ಬಿಡಲಿಲ್ಲ. "ಇಲ್ಲ ಸಾರ್, ತರೀಕೆರೇಲಿ ನಮ್ಮ ತಾತ ಇದಾರೆ, ಗಣೀಲಿ ಕೆಲಸ ಮಾಡ್ದೋರು. ನಾನು ಲೇಖನ ಓದಿ ಹೇಳಿದ್ಮೇಲೆ ನೆನಪಾಯ್ತಂತೆ, ಆ ಆನೆಗೆ ಅವ್ರೇ ಮೇವು ಹಾಕಿದಾರಂತೆ."

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಅವತ್ತೇ ನನ್ನ ಜೊತೆ ತರೀಕೆರೆ ಬಸ್ಸು ಹತ್ತಿದರು.

"ಏನ್ ಗುಣ ಅಂತೀರಿ ಮೇಷ್ಟ್ರೇ," ಎಂದು ತಾತ ಶುರುವಿಟ್ಟರು. "ನನ್ ಕೈಲಿ ಮಾತ್ರ ಬೆಲ್ಲ ತಿಂತಿತ್ತು." ಒಂದು ಗಂಟೆ ಆನೆಯ ಗುಣಗಾನ ನಡೆಯಿತು. ಮೇಷ್ಟ್ರು ಕಾಫಿ ಕುಡಿಯುತ್ತ, ಎದುರಾಡದೆ ಕೇಳಿದರು. ಆನೆಯ ಹೆಸರೇನು ಎಂದೂ ವಿಚಾರಿಸಿದರು.

ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಪ್ರಾಜೆಕ್ಟಿಂದ ಆನೆ ತೆಗಿ. ತಾತನ ಹತ್ರ ಮಾತ್ರ ಬಾಯ್ಬಿಡ್ಬೇಡ. ಸುಳ್ಳು ಹುಟ್ಸಿದ್ದು ನಾನು, ಅವ್ರಿಗ್ಯಾಕಮ್ಮ ಅವಮಾನ?"

ಅಧ್ಯಾಯ ಕಿತ್ತ ಜಾಗಕ್ಕೆ ಒಂದು ವಾರ ಜೊತೆಗೆ ಕೂತು, ಗಣಿಯ ನಿಜವಾದ ಕಾಗದಪತ್ರ ಹುಡುಕಿಸಿ ಬರೆಸಿದರು. ಸಹಿಯೂ ಬಿತ್ತು. ಈಗ ಅಜ್ಜಂಪುರದಲ್ಲಿ ಮೇಡಂ ಅನ್ನಿಸಿಕೊಂಡು ನಾನು ತಿನ್ನುತ್ತಿರುವ ಅನ್ನ ಅವರದೇ.

ಹೋದ ವರ್ಷ, ಅವರು ತೀರಿಕೊಂಡರೆಂದು ವಾಟ್ಸಾಪಿನಲ್ಲಿ ಬಂತು. ನಂಬದೆ ಅವರ ಮನೆಗೇ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು.

"ನಿಜ ಕಣಮ್ಮ. ಬೆಳಿಗ್ಗೆಯಿಂದ ಅವ್ರ ಸ್ಟೂಡೆಂಟ್ಸೆಲ್ಲ ಇದನ್ನೇ ಕೇಳ್ತಿದಾರೆ, ನಿಜಾನಾ ಅಂತ. ನೀನು ಹದಿನೇಳನೆಯೋಳು."

ಆಮೇಲೆ ಅತ್ತುಬಿಟ್ಟೆ.